ಸರೋಜಕ್ಕನನ್ನು ಯಾರೂ ಒಳಗೆ ಕರೆಯಲಿಲ್ಲ

ಸರೋಜಕ್ಕನ ಮನೆಗೂ ನಮ್ಮ ಮನೆಗೂ ನಡುವೆ ಒಂದು ದಾಸವಾಳದ ಬೇಲಿ, ಬೇಲಿಯಲ್ಲಿ ಒಂದು ಕಂಡಿ. ನಾನು ಚಾಮರಾಜನಗರದ ಕಡೆಯಿಂದ ಮದುವೆಯಾಗಿ ಗಡಿಯಾಚೆಗಿನ ಬತ್ತೇರಿಯ ಈ ಒಳಭಾಗಕ್ಕೆ ಬಂದಾಗ ಆ ಕಂಡಿಯಲ್ಲಿ ತಲೆ ತೂರಿಸಿ ನನ್ನನ್ನು ಮೊದಲು ಮಾತಾಡಿಸಿದವಳು ಅವಳು. ಇಲ್ಲಿಯವರ ಮಲಯಾಳ ಬೆರೆತ ಕನ್ನಡ ಕೇಳಿ ಆಗ ನನಗೆ ನಗು ಬಂದಿತ್ತು. ಈಗ ತವರಿಗೆ ಹೋದರೆ ಅವರು ನನ್ನ ಮಾತು ಕೇಳಿ ನಗುತ್ತಾರೆ. ಅಷ್ಟು ವರ್ಷಗಳ ನೆರೆ ನಮ್ಮದು.

ಅವಳಿಗೆ ಮದುವೆಯಾಗಿಲ್ಲ. ಅಣ್ಣ ಪದ್ಮಪ್ಪನವರ ಹೆಂಡತಿ ತೀರಿಕೊಂಡಾಗ ಮಗ ಶ್ರೇಯಾಂಸ್ ಇನ್ನೂ ತೊದಲುತ್ತಿದ್ದ. ಮಗುವನ್ನು ಎತ್ತಿಕೊಂಡ ಸರೋಜಕ್ಕ ಮತ್ತೆ ಇಳಿಸಲಿಲ್ಲ. ಯಾರಾದರೂ ಇದನ್ನು ತ್ಯಾಗ ಎಂದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. ನೋಡಲು ಬಂದ ಇಬ್ಬರು ಗಂಡುಗಳೂ ತನಗೆ ಹಿಡಿಸಲಿಲ್ಲ, ಒಬ್ಬ ಮಾತಿಗೆ ಮುಂಚೆ ಕೆಮ್ಮುತ್ತಿದ್ದ, ಇನ್ನೊಬ್ಬ ಮಾತೇ ಆಡಲಿಲ್ಲ, ಇದರಲ್ಲಿ ತ್ಯಾಗ ಎಲ್ಲಿಂದ ಬಂತು ಎಂದು ಜಗಳಕ್ಕೆ ನಿಲ್ಲುತ್ತಾಳೆ. ಪದ್ಮಪ್ಪನವರೂ ಹೋಗಿ ಕೆಲವು ವರ್ಷಗಳಾದವು. ಶ್ರೇಯಾಂಸ್ ಈಗ ಕಾಫಿ ಮೆಣಸಿನ ತೋಟವನ್ನೂ ಪೇಟೆಯಲ್ಲಿ ಒಂದು ಪಂಪ್‌ಸೆಟ್ ಅಂಗಡಿಯನ್ನೂ ನೋಡಿಕೊಳ್ಳುತ್ತಾನೆ. ಅವನ ಹೆಂಡತಿ ನಿಶಾ ಮಾನಂತವಾಡಿಯ ಜೈನರ ಮನೆಯ ಹುಡುಗಿ, ಶಾಲೆಯಲ್ಲಿ ಟೀಚರು. ಮನೆಯಲ್ಲಿ ಇದ್ದವರು ಈ ಮೂವರೇ.

ಸರೋಜಕ್ಕನ ಒಂದು ಹೆಚ್ಚುಗಾರಿಕೆ ಹೇಳಲೇಬೇಕು. ಎಳೆ ಮಕ್ಕಳಿಗೆ ನೀರು ಹಾಕುವುದರಲ್ಲಿ ಅವಳ ಕೈಗೆ ಸಮನಾದ ಕೈ ನಮ್ಮ ಕಡೆ ಇಲ್ಲ. ನೆಲದ ಮೇಲೆ ಕಾಲು ನೀಡಿ ಕೂತು, ಮಗುವನ್ನು ಎರಡು ಮೊಣಕಾಲುಗಳ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುತ್ತಿದ್ದರೆ ಎಂಥ ರಚ್ಚೆಯ ಕೂಸೂ ಕಣ್ಣು ಮುಚ್ಚಿಬಿಡುತ್ತಿತ್ತು. ನನ್ನ ಇಬ್ಬರು ಮಕ್ಕಳೂ ಆ ಕಾಲ ಮೇಲೆಯೇ ಬೆಳೆದರು. ನಿಶಾ ಬಸುರಿ ಎಂದು ತಿಳಿದ ದಿನದಿಂದ ಅವಳಿಗೆ ಒಂದೇ ಧ್ಯಾನ, ಶ್ರೇಯಾಂಸನ ಮಗುವಿಗೆ ತಾನು ನೀರು ಹಾಕಬೇಕು. ಹಳೆ ಸೀರೆಗಳನ್ನು ಹರಿದು, ಕುದಿಸಿ, ಒಣಗಿಸಿ ಮಡಿಚಿಟ್ಟಾಗಿತ್ತು. ಹೆರಿಗೆಗೆ ಇನ್ನೂ ಎಷ್ಟೋ ಕಾಲವಿದೆ ಮಾರಾಯ್ತಿ ಎಂದರೆ ಕೇಳುತ್ತಿರಲಿಲ್ಲ.

ಹೀಗಿರುವಾಗ ಕಾಫಿ ಹೂ ಬಿಡುವ ಹೊತ್ತಿನಲ್ಲಿ ಅವಳು ಕಾಫಿ ಒಣಗಿಸುವ ಕಣದಲ್ಲಿ, ನಲ್ಲಿಯ ಬಳಿಯ ಪಾಚಿಯ ಮೇಲೆ ಜಾರಿಬಿದ್ದಳು. ಮೊಣಕಾಲು ಊದಿಕೊಂಡಿತು. ಬತ್ತೇರಿಯಲ್ಲಿ ಎಕ್ಸ್‌ರೇ ತೆಗೆಸಿದರೆ ಎಲುಬು ಮುರಿದಿರಲಿಲ್ಲ. ಆದರೆ ತೊಡೆಯ ಎಲುಬಿನ ಕೆಳತುದಿಯಲ್ಲಿ, ಮೊಣಕಾಲಿನ ಸ್ವಲ್ಪ ಮೇಲೆ, ಎಲುಬಿನ ಒಳಗೇ ಅರಳು ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು ಕಂಡವು. ಡಾಕ್ಟರು ಅದನ್ನು ಮೃದು ಎಲುಬಿನ ಗಡ್ಡೆ ಎಂದರು. ಚಿಕ್ಕಂದಿನಲ್ಲಿ ಗಟ್ಟಿಯಾಗಬೇಕಿದ್ದ ಒಂದು ಚೂರು, ಕಿವಿಯ ಹಾಳೆಯಂತೆ ಮೆತ್ತಗೆ, ಎಲುಬಿನೊಳಗೇ ಉಳಿದುಬಿಟ್ಟಿರುತ್ತದಂತೆ. ಎಷ್ಟೋ ಜನರಿಗೆ ಇದು ಇರುವುದೇ ಗೊತ್ತಿಲ್ಲದೆ ಬದುಕು ಮುಗಿದುಹೋಗುತ್ತದಂತೆ. ನೂರಕ್ಕೆ ತೊಂಬತ್ತು ಪಾಲು ಕೇಡಿಲ್ಲದ್ದು, ಆದರೂ ಕೋಳಿಕ್ಕೋಡಿಗೆ ಹೋಗಿ ಒಂದು ಬೋನ್ ಸ್ಕ್ಯಾನ್ ಮಾಡಿಸಿ, ಕೆಟ್ಟದಾಗಿದ್ದರೆ ಆಪರೇಷನ್ ಮಾಡಬೇಕಾಗುತ್ತದೆ ಎಂದು ಚೀಟಿ ಬರೆದುಕೊಟ್ಟರು.

ಕ್ಯಾನ್ಸರಿನ ಹೆಸರು ಯಾರೂ ಎತ್ತಲಿಲ್ಲ, ಹಾಗಾಗಿ ಎಲ್ಲರ ತಲೆಯಲ್ಲೂ ಅದೇ ಕೂತಿತ್ತು. ಸರೋಜಕ್ಕನ ಹೆದರಿಕೆ ಮಾತ್ರ ಬೇರೆ. ಸಾಯುವುದರ ಬಗ್ಗೆ ಅವಳು ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಕಾಲಿಗೆ ಕತ್ತರಿ ಹಾಕಿದರೆ ಮಗುವನ್ನು ಎಲ್ಲಿ ಮಲಗಿಸಿಕೊಂಡು ನೀರು ಹಾಕಲಿ ಎಂದು ಕೇಳಿದಳು. ನನಗೆ ಬೈಯಬೇಕೆನಿಸಿತು, ಬೈದೆ ಕೂಡ. ಆದರೆ ಮನೆಗೆ ಬಂದು ಅತ್ತುಬಿಟ್ಟೆ.

ಕೋಳಿಕ್ಕೋಡಿಗೆ ಅವಳ ಜೊತೆ ಹೋದವಳು ನಾನೇ. ಶ್ರೇಯಾಂಸ್ ಅದೇ ದಿನ ನಿಶಾಳನ್ನು ತಪಾಸಣೆಗೆ ಕರೆದೊಯ್ಯಬೇಕಿತ್ತು. ನಸುಕಿನಲ್ಲೇ ಬಿಜುವಿನ ಬಾಡಿಗೆ ಕಾರು ಗೊತ್ತುಮಾಡಿಕೊಂಡು ಚುರದ ಘಾಟಿ ಇಳಿದೆವು. ಸರೋಜಕ್ಕ ಹೊತ್ತು ಮುಳುಗಿದ ಮೇಲೆ ಅನ್ನ ಇರಲಿ, ನೀರನ್ನೂ ಮುಟ್ಟುವವಳಲ್ಲ. ಹೊರಗಿನ ನೀರು ಹಗಲಲ್ಲೂ ಬೇಡ. ಅವಳಿಗಾಗಿ ಕಾಯಿಸಿ ಸೋಸಿದ ನೀರಿನ ಎರಡು ದೊಡ್ಡ ಕ್ಯಾನುಗಳನ್ನು ಹೊತ್ತುಕೊಂಡು ನಾವು ಆಸ್ಪತ್ರೆಯ ನೆಲಮಾಳಿಗೆಗೆ ಇಳಿದಾಗ ಕಾವಲಿನವನು ನಾವು ಹಾಲು ಮಾರುವವರೆಂದುಕೊಂಡ.

ಅಲ್ಲಿ ನಿಮಿಷ ಎಂಬ ಹುಡುಗಿ ಅವಳ ತೋಳಿಗೆ ಒಂದು ಸೂಜಿ ಚುಚ್ಚಿದಳು. ಆ ಔಷಧದಲ್ಲಿ ಸ್ವಲ್ಪ ವಿಕಿರಣ ಇರುತ್ತದೆ, ಅದು ರಕ್ತದಲ್ಲಿ ಹೋಗಿ ಎಲುಬುಗಳಿಗೆ ಅಂಟುತ್ತದೆ, ಎಲ್ಲಿ ಎಲುಬಿನ ಕೆಲಸ ಜೋರಾಗಿ ನಡೆದಿದೆಯೋ ಅಲ್ಲಿ ಹೆಚ್ಚು ಅಂಟುತ್ತದೆ, ಮೇಲಿನಿಂದ ಯಂತ್ರ ಅದನ್ನು ನೋಡುತ್ತದೆ ಎಂದು ಮಲಯಾಳದಲ್ಲಿ ಸಾವಧಾನವಾಗಿ ತಿಳಿಸಿದಳು. ಅಂಟುವ ತನಕ ಕಾಯಬೇಕು, ಕಾಯುವಾಗ ನೀರು ಕುಡಿಯುತ್ತಲೇ ಇರಬೇಕು. ಸರೋಜಕ್ಕ ಎರಡೂ ಕ್ಯಾನು ಖಾಲಿ ಮಾಡಿ, ಕುಂಟುತ್ತ ಬಚ್ಚಲಿಗೂ ಬೆಂಚಿಗೂ ಓಡಾಡಿದಳು. ಆಮೇಲೆ ಅಗಲ ಕಿರಿದಾದ ಒಂದು ಹಲಗೆಯ ಮೇಲೆ ಅವಳನ್ನು ಮಲಗಿಸಿ ಅಲ್ಲಾಡಬೇಡಿ ಎಂದರು. ಗಾಜಿನ ಈಚೆಯಿಂದ ನಾನು ನೋಡುತ್ತಿದ್ದೆ. ಪರದೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ತಲೆಬುರುಡೆ, ಪಕ್ಕೆಲುಬು, ಸೊಂಟ ಮೂಡುತ್ತ ಬಂತು. ಇಷ್ಟು ವರ್ಷ ನೋಡಿದ ಹೆಂಗಸು ಇವಳೇನಾ ಎನಿಸಿತು.

ಹೊರಡುವಾಗ ನಿಮಿಷ ಇನ್ನೊಂದು ಮಾತು ಹೇಳಿದಳು. ಮನೆಯಲ್ಲಿ ಬಸುರಿಯರು, ಎಳೆ ಮಕ್ಕಳು ಇದ್ದರೆ ಇವತ್ತು ಒಂದು ದಿನ ಅವರ ಹತ್ತಿರ ಹೋಗಬೇಡಿ, ಮೈಯಲ್ಲಿರುವುದು ನಾಳೆ ಬೆಳಿಗ್ಗೆಯೊಳಗೆ ಹೊರಟುಹೋಗುತ್ತದೆ. ಸರೋಜಕ್ಕನಿಗೆ ಮಲಯಾಳ ನನಗಿಂತ ಚೆನ್ನಾಗಿ ಬರುತ್ತದೆ. ಅವಳು ಕೇಳಿಸಿಕೊಂಡಳು, ತಲೆಯಾಡಿಸಿದಳು. ಕಾರಿನಲ್ಲಿ ಶ್ರೇಯಾಂಸನಿಗೆ ಫೋನ್ ಮಾಡಿ ತಾನು ಕಣದ ಕೋಣೆಯಲ್ಲಿ ಇರುತ್ತೇನೆ, ಒಂದು ಚಾಪೆ ಹಾಸಿಡು ಎಂದಳು.

ಕಣದ ಕೋಣೆ ಎಂದರೆ ಸುಗ್ಗಿಯಲ್ಲಿ ಕಾಫಿ ಚೀಲ ಇಡುವ ಜಾಗ. ಈಗ ಖಾಲಿ. ಅದಕ್ಕೆ ಇನ್ನೊಂದು ಹಳೆಯ ಉಪಯೋಗವೂ ಇತ್ತು. ಸರೋಜಕ್ಕನ ತಾಯಿಯ ಕಾಲದಲ್ಲಿ ಮನೆಯ ಹೆಂಗಸರು ತಿಂಗಳಿಗೊಮ್ಮೆ ಹೊರಗೆ ಕೂರುತ್ತಿದ್ದುದು ಅಲ್ಲೇ. ಅದಕ್ಕೊಂದು ಕಟ್ಟಳೆಯಿತ್ತು. ಹೊರಗಿದ್ದವಳು ಎಲ್ಲ ಮುಗಿದು ತಲೆಗೆ ಎರೆದುಕೊಂಡರೂ ತಾನಾಗಿ ಹೊಸ್ತಿಲು ದಾಟುವಂತಿಲ್ಲ. ಒಳಗಿನ ಹೆಂಗಸೊಬ್ಬಳು ಚೊಂಬಿನಲ್ಲಿ ನೀರು ತಂದು ಕಾಲಿಗೆ ಹೊಯ್ದು, ಒಳಗೆ ಬಾ ಎನ್ನಬೇಕು. ಆಗಲೇ ಒಳಗೆ. ಹೊರಗೆ ಕೂರುವುದು ಆ ಮನೆಯಲ್ಲಿ ಎಂದೋ ನಿಂತುಹೋಗಿದೆ. ನಿಶಾಳಿಗೆ ಅದರ ಸುಳಿವೂ ಇಲ್ಲ. ಸರೋಜಕ್ಕನ ಮೈಗೆ ಮಾತ್ರ ಅದು ಎಂದೋ ಹತ್ತಿಬಿಟ್ಟಿತ್ತು.

ಮರುದಿನ ಬೆಳಿಗ್ಗೆ ಅವಳು ಕಣದ ನಲ್ಲಿಯಲ್ಲಿ ತಲೆಗೆ ಎರೆದುಕೊಂಡು, ಕೂದಲು ಬಿಟ್ಟುಕೊಂಡು, ಕೋಣೆಯ ಬಾಗಿಲಲ್ಲಿ ಕೂತಿದ್ದಳು. ನಿಶಾ ತಿಂಡಿಯ ತಟ್ಟೆಯನ್ನು ಮುಚ್ಚಿ ತಂದು ಕಟ್ಟೆಯ ಮೇಲಿಟ್ಟು, ನೋವು ಹೇಗಿದೆ ಎಂದು ದೂರದಿಂದಲೇ ಕೇಳಿ ಶಾಲೆಗೆ ಹೋದಳು. ಮಧ್ಯಾಹ್ನದ ಊಟದ ಡಬ್ಬಿಯನ್ನೂ ಆಗಲೇ ಕಟ್ಟೆಯ ಮೇಲಿಟ್ಟಿದ್ದಳು. ಸಂಜೆ ಶ್ರೇಯಾಂಸ್ ಬಂದ. ಕಂಡಿಯ ಹತ್ತಿರವೇ ನಿಂತಿದ್ದ ನನಗೆ ಅವರ ಮಾತು ಕೇಳಿಸಿತು.

“ಅತ್ತೆ, ಇಲ್ಲೇ ಇರ್ತೀರಾ?”

“ಇರ್ತೀನಿ.”

“ಶರಿ. ಇಲ್ಲಿ ಗಾಳಿ ಚೆನ್ನಾಗಿದೆ,” ಎಂದು ಅವನು ಒಂದು ಫ್ಯಾನು ತಂದುಕೊಟ್ಟು ಹೋದ.

ಅವನು ಕೇಳಿದ್ದು ಪ್ರಶ್ನೆ. ಇವಳಿಗೆ ಅದು ಅಪ್ಪಣೆಯ ಹಾಗೆ ಕೇಳಿಸಿತು. ಇವಳು ಕೊಟ್ಟ ಉತ್ತರ ಅವನಿಗೆ ಇವಳ ಇಷ್ಟದ ಹಾಗೆ ಕೇಳಿಸಿತು. ಇಬ್ಬರೂ ಒಳ್ಳೆಯವರೇ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಅವತ್ತೇ ಒಂದು ಜಗಳವಾಗಿ ಎಲ್ಲ ಸರಿಹೋಗುತ್ತಿತ್ತು.

ಸ್ಕ್ಯಾನಿನ ರಿಪೋರ್ಟು ಬಂತು. ಗಡ್ಡೆ ಔಷಧವನ್ನು ಸ್ವಲ್ಪ ಹೀರಿಕೊಂಡಿದೆ, ಆದರೆ ಸೊಂಟದ ಎಲುಬು ಹೀರಿಕೊಂಡಷ್ಟೂ ಇಲ್ಲ. ಬೇರೆ ಎಲುಬುಗಳಲ್ಲಿ ಎಲ್ಲೂ ಇಂಥದ್ದಿಲ್ಲ. ಕೇಡಿಲ್ಲದ್ದೇ, ಕತ್ತರಿ ಹಾಕುವುದು ಬೇಡ, ಅದರ ಪಾಡಿಗೆ ಅದು ಇರಲಿ, ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸಿದರೆ ಸಾಕು ಎಂದು ಬತ್ತೇರಿಯ ಡಾಕ್ಟರು ಹೇಳಿದರು. ಶ್ರೇಯಾಂಸ್ ಕಣಕ್ಕೆ ಓಡಿಬಂದು ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟ. ಏನೂ ಇಲ್ಲವಂತೆ ಅತ್ತೆ ಎಂದು ಮತ್ತೆ ಮತ್ತೆ ಹೇಳಿದ. ಅಂಗಡಿಯಿಂದ ಫೋನ್ ಬಂತು, ಕಣ್ಣೊರೆಸಿಕೊಂಡು ಹೋದ.

ಅವನು ಹೋದ ಮೇಲೆ ನಾನು ಸಕ್ಕರೆ ತೆಗೆದುಕೊಂಡು ಹೋದೆ. ಇಂಥ ಸುದ್ದಿಗೆ ಬಾಯಿ ಸಿಹಿ ಮಾಡಬೇಡವೇ. ಸರೋಜಕ್ಕ ಚಾಪೆಯ ಮೇಲೆ ಕಾಲು ನೀಡಿ ಕೂತು ಆ ಮೊಣಕಾಲನ್ನೇ ನೋಡುತ್ತಿದ್ದಳು. ಸಕ್ಕರೆ ಬಾಯಿಗೆ ಹಾಕಿಕೊಂಡಳು.

“ಕೆಟ್ಟದ್ದು ಅಂತ ಬಂದಿದ್ರೆ ಒಳಗೆ ಕರೀತಿದ್ರೇನೋ,” ಅಂದಳು.

ಅಂಥ ಮಾತನ್ನು ನಾನು ಅವಳ ಬಾಯಲ್ಲಿ ಅದುವರೆಗೆ ಕೇಳಿರಲಿಲ್ಲ. ನನಗೆ ಸಂಕಟವೂ ಆಯಿತು, ರೇಗಿಯೂ ಹೋಯಿತು. ಎದ್ದು ನಡಿ, ನಿನ್ನ ಮನೆ, ಯಾರು ಬೇಡ ಅಂತಾರೆ ಎಂದೆ. ಅವಳು ಅಲ್ಲಾಡಲಿಲ್ಲ. ಹಾಗಾದರೆ ನಾನೇ ಚೊಂಬು ತಂದು ಕಾಲಿಗೆ ನೀರು ಹೊಯ್ದು ಕರೆಯುತ್ತೇನೆ ಎಂದೆ. ನೀನು ಈ ಮನೆಯವಳಲ್ಲವಲ್ಲ ಎಂದಳು. ಶ್ರೇಯಾಂಸನಿಗೆ ಒಂದು ಮಾತು ಹೇಳುತ್ತೇನೆ ಎಂದು ಎದ್ದರೆ ಮಾತ್ರ ನನ್ನ ಸೆರಗು ಹಿಡಿದುಕೊಂಡಳು.

“ಹೇಳಿಸಿ ಕರೆಸ್ಕೊಂಡ್ರೆ ಅದು ಕರೆದ ಹಾಗೆ ಆಗಲ್ಲ. ನೀನು ಬಾಯಿ ಬಿಟ್ರೆ ನಾನು ಈ ಕೋಣೆಯಿಂದ ಎದ್ದೇಳೋದೇ ಇಲ್ಲ.”

ಅವಳ ಹಟ ನನಗೆ ಗೊತ್ತು. ಬಾಯಿ ಮುಚ್ಚಿಕೊಂಡೆ.

ಆ ಬೇಸಿಗೆ ಹಾಗೇ ನಡೆಯಿತು. ಅವಳ ಮೊಣಕಾಲಿನ ಊತ ಇಳಿಯಿತು. ಹಗಲಲ್ಲಿ ಕಣ ಗುಡಿಸುತ್ತಿದ್ದಳು, ಮೆಣಸಿನ ಬಳ್ಳಿಯ ಬುಡಕ್ಕೆ ಸೊಪ್ಪು ಹಾಕುತ್ತಿದ್ದಳು. ಮನೆಯ ಹಿತ್ತಿಲ ಬಾಗಿಲ ತನಕ ಹೋಗಿ ತೊಳೆದ ಪಾತ್ರೆ ಇಟ್ಟು ಬರುತ್ತಿದ್ದಳು, ಹೊಸ್ತಿಲ ಮೇಲೆ ಕಾಲಿಡುತ್ತಿರಲಿಲ್ಲ. ನಿಶಾ ಅಡುಗೆಮನೆಯಿಂದ ಮಾತಾಡುತ್ತಿದ್ದಳು, ಇವಳು ಹೊರಗಿನಿಂದ ಉತ್ತರ ಕೊಡುತ್ತಿದ್ದಳು. ಕಂಡವರಿಗೆ ಏನೂ ತಪ್ಪು ಕಾಣುತ್ತಿರಲಿಲ್ಲ. ಬಸದಿಗೂ ಹೋಗುವುದನ್ನು ಬಿಟ್ಟಳು. ಬಸದಿಯ ಅಂಗಳಕ್ಕೆ ಅವಳು ಇಡುತ್ತಿದ್ದ ರಂಗೋಲಿಯನ್ನು ನಾನು ಇಡಲು ಹೋಗಿ ಎಲ್ಲರಿಂದಲೂ ಅನ್ನಿಸಿಕೊಂಡೆ. ಕತ್ತಲಾಗುವ ಮುಂಚೆ ಊಟ ಮುಗಿಸಿ, ಮನೆಯ ದೀಪಗಳನ್ನು ನೋಡುತ್ತ ಕೂರುವುದು ಅವಳ ಸಂಜೆಯ ಕೆಲಸವಾಯಿತು. ಒಳಗಿನಿಂದ ಟಿ.ವಿ. ಸದ್ದು, ಕುಕ್ಕರಿನ ಸದ್ದು, ನಗು ಬರುತ್ತಿತ್ತು. ಆ ನಗುವಿನಲ್ಲಿ ತನ್ನ ಹೆಸರು ಇರುವುದಿಲ್ಲ ಎಂದು ಒಮ್ಮೆ ನನಗೆ ಹೇಳಿದಳು. ಇದಕ್ಕಿಂತ ಒಂಟಿಯಾದ ಮಾತು ನನಗೆ ಗೊತ್ತಿಲ್ಲ.

ಮೊದಲ ಹೆರಿಗೆ ತವರಿನಲ್ಲಾಗಬೇಕು. ಆದರೆ ಮಾನಂತವಾಡಿಯಲ್ಲಿ ನಿಶಾಳ ತವರಿನವರು ಮನೆ ಒಡೆದು ಕಟ್ಟಿಸುತ್ತಿದ್ದರು. ಹಾಗಾಗಿ ದಿನ ತುಂಬುವ ಹೊತ್ತಿಗೆ ನಿಶಾಳ ತಾಯಿಯೇ ಇಲ್ಲಿಗೆ ಬಂದರು. ಗಟ್ಟಿಗಿತ್ತಿ ಹೆಂಗಸು, ಕೈಯೂ ಬಾಯಿಯೂ ಒಂದೇ ಸಮ ನಡೆಯುತ್ತದೆ. ರಾತ್ರಿ ಮಗಳಿಗೆ ಏನಾದರೂ ಬೇಕಾದರೆ ಹತ್ತಿರವಿರಬೇಕೆಂದು ಬಚ್ಚಲ ಪಕ್ಕದ ಕೋಣೆಯಲ್ಲಿ ಬಿಡಾರ ಹೂಡಿದರು. ಅದು ಸರೋಜಕ್ಕನ ಕೋಣೆ. ಅವಳ ಟ್ರಂಕು ಅಟ್ಟದ ಮೆಟ್ಟಿಲ ಕೆಳಗೆ ಸೇರಿತು. ಮಗುವಿಗೆ ನೀರು ಹಾಕಲು ಮಾನಂತವಾಡಿಯಿಂದ ಬಾಣಂತನ ಮಾಡುವ ಹೆಂಗಸನ್ನು ಗೊತ್ತುಮಾಡುತ್ತೇನೆ ಎಂದು ಅವರು ಫೋನಿನಲ್ಲಿ ಮಾತಾಡುತ್ತಿದ್ದುದು ಕಣದ ತನಕ ಕೇಳಿಸಿತು. ಅವತ್ತು ಸರೋಜಕ್ಕ ಊಟದ ತಟ್ಟೆಯ ಮುಚ್ಚಳ ತೆಗೆಯಲಿಲ್ಲ.

ನಾನು ಮಾತು ಮುರಿದು ಶ್ರೇಯಾಂಸನನ್ನು ಅಂಗಡಿಯಲ್ಲೇ ಹಿಡಿಯಬೇಕು ಎಂದು ನಿರ್ಧರಿಸಿದ್ದೆ. ಅಷ್ಟರಲ್ಲಿ ನಿಶಾಳಿಗೆ ನೋವು ಕಾಣಿಸಿಕೊಂಡು ಬತ್ತೇರಿಯ ಆಸ್ಪತ್ರೆಗೆ ಸೇರಿಸಿದರು. ತಾಯಿ ಜೊತೆಗೆ ಹೋದರು. ಮಾರನೇ ದಿನ ಹೆಣ್ಣುಮಗು ಹುಟ್ಟಿತು. ಶ್ರೇಯಾಂಸ್ ಮೊದಲು ಫೋನ್ ಮಾಡಿದ್ದು ಅತ್ತೆಗೆ. ಸುದ್ದಿ ತಿಳಿದು ನಾನು ಕಂಡಿ ದಾಟಿ ಹೋದಾಗ ಕಣದ ಕೋಣೆಯ ಬಾಗಿಲು ಹಾರು ಹೊಡೆದಿತ್ತು, ಒಳಗೆ ಯಾರೂ ಇರಲಿಲ್ಲ. ಎಲ್ಲಿ ಹೋದಳಪ್ಪ ಎಂದು ಸುತ್ತ ನೋಡಿದರೆ ಮನೆಯ ಅಡುಗೆಮನೆಯಿಂದ ಹೊಗೆ ಬರುತ್ತಿತ್ತು.

ಒಲೆ ಹಚ್ಚಿಟ್ಟು ಸರೋಜಕ್ಕ ಬಚ್ಚಲ ಹಂಡೆಯನ್ನು ಹುಣಿಸೆಹಣ್ಣು ಹಾಕಿ ಉಜ್ಜುತ್ತಿದ್ದಳು. ಯಾರು ಬಂದು ಕರೆದರು ಎಂದು ಕೇಳಿದೆ.

“ಯಾರೂ ಕರೀಬೇಕಿಲ್ಲ,” ಅಂದಳು. “ಮಗು ಹುಟ್ಟಿದೆ, ಮನೆಗೆ ಪುರುಡು. ನಾನು ಕೊಟ್ಟ ಹೆಣ್ಣಲ್ಲವಲ್ಲ, ಇದೇ ಮನೆ ಹೆಸರಿನವಳು, ನಂಗೂ ಅದೇ ಪುರುಡು. ಈಗ ಅವರೂ ಹೊರಗೇ, ನಾನೂ ಹೊರಗೇ. ಹೊರಗಿದ್ದೋರು ಒಟ್ಟಿಗಿರಬಹುದು.”

ನಾನು ಅಲ್ಲೇ ಕುಕ್ಕರಿಸಿ ಕೂತು ನಕ್ಕೆ. ಎಂಥ ಲೆಕ್ಕ ಇವಳದು. ಮದುವೆಯಾಗಿ ಹೋಗಿದ್ದರೆ ಈ ಮನೆಯ ಪುರುಡಿನ ಮೈಲಿಗೆ ಅವಳಿಗೆ ಇಷ್ಟಾಗಿ ತಟ್ಟುತ್ತಿರಲಿಲ್ಲ. ಊರವರು ಅವಳ ಮುಖ ನೋಡಿ ಅಯ್ಯೋ ಪಾಪ ಎನ್ನುತ್ತಿದ್ದ ಆ ಒಂದೇ ಸಂಗತಿ ಇವತ್ತು ಬಾಗಿಲು ತೆಗೆದಿತ್ತು. ಹಾಗೆ ನೋಡಿದರೆ ಒಳಗಿದ್ದ ನಿಶಾಳ ತಾಯಿಯೇ ಹೊರಗಿನವರು, ಬೇರೆ ಮನೆಯವರು, ಅವರಿಗೆ ಈ ಪುರುಡಿಲ್ಲ. ಅದನ್ನು ಹೇಳಿದರೆ ಸರೋಜಕ್ಕ ಹಂಡೆಯೊಳಗೆ ತಲೆ ಹಾಕಿ ನಕ್ಕಳು. ಬಹಳ ದಿನದ ಮೇಲೆ ಕೇಳಿದ ನಗು.

ಮಗುವನ್ನು ಮನೆಗೆ ಕರೆತಂದ ದಿನ ನಾನೂ ಅಲ್ಲೇ ಇದ್ದೆ. ನಿಶಾ ಕಾರಿನಿಂದ ಇಳಿದು, ಮಗುವನ್ನು ತಾಯಿಯ ಕೈಗೆ ಕೊಡದೆ ತಾನೇ ಎತ್ತಿಕೊಂಡು, ಮೆಲ್ಲಗೆ ಹೆಜ್ಜೆಯಿಡುತ್ತ ಒಳಗೆ ಬಂದಳು. ನಡುಮನೆಯಲ್ಲಿ ನಿಂತಿದ್ದ ಸರೋಜಕ್ಕನನ್ನು ಕಂಡು ಅವಳ ಮುಖ ಸಣ್ಣದಾಯಿತು. ಬಾಣಂತಿಯ ಸುಸ್ತೋ ಏನೋ, ಕಣ್ಣಲ್ಲಿ ನೀರು ತುಂಬಿಕೊಂಡಿತು.

“ಸಿಟ್ಟು ಹೋಯ್ತಾ ಅತ್ತೆ? ಯಾಕೆ ಇಷ್ಟು ದಿನ ಒಳಗೆ ಬರ್ಲಿಲ್ಲ?”

ಸರೋಜಕ್ಕ ಅವಳನ್ನೇ ನೋಡಿದಳು. ಹೇಳುವುದಿಲ್ಲ ಎಂದುಕೊಂಡೆ, ಹೇಳಿಬಿಟ್ಟಳು.

“ನೀವು ಕರೀಲಿಲ್ಲ.”

“ಮನೆಯವರನ್ನ ಯಾರಾದ್ರೂ ಕರೀತಾರಾ?” ಅಂದಳು ನಿಶಾ. ಅತ್ತೆಗೆ ಏನೋ ಬೇಸರವಾಗಿದೆ, ಆಶುಪತ್ರಿಗೆ ತಾವು ಯಾರೂ ಜೊತೆಗೆ ಹೋಗಲಿಲ್ಲವೆಂದೇ ಇರಬೇಕು, ತಾನಾಗಿ ಇಳಿಯಲಿ ಎಂದು ತಾನೂ ಶ್ರೇಯಾಂಸನೂ ಸುಮ್ಮನಿದ್ದುದಾಗಿ ಹೇಳಿದಳು. ಅಮ್ಮ ಗೊತ್ತುಮಾಡಿದ ಹೆಂಗಸನ್ನು ಆವತ್ತೇ ಬೇಡ ಎಂದಿದ್ದಳಂತೆ. ಆಮೇಲೆ ಮಗುವನ್ನು ಸರೋಜಕ್ಕನ ಕೈಗಿಟ್ಟಳು.

ನಾನು ಅಷ್ಟು ಒಳ್ಳೆಯ ಮನಸ್ಸಿನವಳಲ್ಲ. ನಿಶಾಳ ಮಾತನ್ನು ಪೂರ್ತಿ ನಂಬಲಿಲ್ಲ. ಒಂದು ಸಲ ಕಣದ ತನಕ ನಡೆದು ಬಂದು ಕೇಳಬಹುದಿತ್ತು, ಕೇಳಿದರೆ ಅವಳ ಬಾಯಿ ಸವೆಯುತ್ತಿರಲಿಲ್ಲ. ಮೆಟ್ಟಿಲ ಕೆಳಗಿದ್ದ ಟ್ರಂಕನ್ನೂ ನಾನು ಕಂಡಿದ್ದೆ. ಸರೋಜಕ್ಕ ಮಾತ್ರ ನಂಬಿದಳು. ಮಗುವನ್ನು ಎದೆಗೊತ್ತಿಕೊಂಡು, ಹೌದಲ್ಲ, ನಂಗೆ ಹೊಳೀಲೇ ಇಲ್ಲ ನೋಡು ಎಂದು ನನ್ನ ಕಡೆ ತಿರುಗಿ ಹೇಳಿದಳು. ಅಳುತ್ತಿದ್ದಳು. ಒಂದು ಬೇಸಿಗೆಯನ್ನೇ ಹೊರಗೆ ಕಳೆದವಳು ಅಷ್ಟು ಸುಲಭವಾಗಿ ಸಮಾಧಾನಗೊಂಡದ್ದು ಕಂಡು ನನಗೆ ಹೊಟ್ಟೆ ಉರಿಯಿತು.

ಬೆಳಕು ಇಳಿಯುವ ಹೊತ್ತಿಗೆ ನಾನು ಹೊರಟೆ. ನಾಳೆ ಮಗುವಿಗೆ ನೀರು ಹಾಕುವಾಗ ನೀನು ಹೊಯ್ಯಲು ಬಾ ಎನ್ನುತ್ತ ಅವಳು ಕಂಡಿಯ ತನಕ ಬಂದಳು. ರಾತ್ರಿ ಎಲ್ಲಿ ಮಲಗುತ್ತೀ ಎಂದು ಕೇಳಿದೆ.

“ಅಡುಗೆಮನೆ ಪಕ್ಕ ಚಾಪೆ ಹಾಸಿದ್ದೀನಿ,” ಅಂದಳು. “ನನ್ನ ಕೋಣೇಲಿ ನೆಂಟರಿದ್ದಾರಲ್ಲ.”